ಗುಲಾಲೈ ಹೊಲಿದ ಕುಬಸ

"ಆ ಕುಬಸ ಕೆಳಗಿಡ್ರಿ! ಆಕಿ ಮೈಗೆ ಹಚ್ಚಬ್ಯಾಡ್ರಿ!"

ಅಡುಗೆಮನೆಯ ಬಾಗಿಲಲ್ಲಿ ನಿಂತು ಶಿವಕ್ಕ ಕೂಗಿದ ರಭಸಕ್ಕೆ ಸೋಬಾನೆ ಹಾಡು ಅರ್ಧಕ್ಕೇ ನಿಂತಿತು. ಅಮೆರಿಕದ ಸೆಂಟರ್‌ವಿಲ್‌ನ ಆ ಟೌನ್‌ಹೌಸಿನ ಹಾಲ್‌ನಲ್ಲಿ ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಕುಬಸದ ಶಾಸ್ತ್ರಕ್ಕೆ ಮಣೆಯ ಮೇಲೆ ಕುಳಿತಿದ್ದ ಏಳು ತಿಂಗಳ ಬಸುರಿ ಸ್ಮಿತಾ ಬೆಚ್ಚಿ ಅತ್ತೆಯ ಕಡೆ ನೋಡಿದಳು. ದೂರದ ಕ್ಯಾರಿ ಊರಿನಿಂದ ನಸುಕಿನಲ್ಲೇ ಹೊರಟು ಡ್ರೈವ್ ಮಾಡಿಕೊಂಡು ಬಂದಿದ್ದ ಗೆಳತಿ ನೀಲಗಂಗಾಳ ಕೈಯಲ್ಲಿ ಗುಳೇದಗುಡ್ಡದ ಖಣದ ಕುಬಸ ಹಾಗೇ ಉಳಿಯಿತು. ಪಾಪ, ಅವಳು ಕೇಳಿದ್ದು ಇಷ್ಟೇ: "ಎಷ್ಟ್ ಛಂದ ಹೊಲದಾರಲ್ಲ, ಯಾರ ಕೈಯಾಗ ಕೊಟ್ಟಿದ್ದಿ?" ಸ್ಮಿತಾ ಹೆಮ್ಮೆಯಿಂದ ಗುಲಾಲೈ ಹೆಸರು ಹೇಳಿದ್ದಳು.

ಆ ಗುಲಾಲೈ ಶಿವಕ್ಕನ ಬೆನ್ನ ಹಿಂದೆಯೇ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಳು.

ಸ್ಮಿತಾ ಶನಿವಾರ ಬಂತೆಂದರೆ ಮನೆಯಲ್ಲಿ ನಿಲ್ಲುವವಳಲ್ಲ. ಊರಿನ ಚರ್ಚೊಂದರ ನೆಲಮಾಳಿಗೆಯಲ್ಲಿ ಅಫ್ಘಾನಿಸ್ತಾನದಿಂದ ಬಂದ ವಿಧವೆಯರಿಗಾಗಿ ಒಂದು ಸೇವಾ ಸಂಘ ನಡೆಯುತ್ತಿತ್ತು. ಹಳೆಯ ಕೋಟು, ಕಂಬಳಿ, ಅಡುಗೆ ಪಾತ್ರೆ ಕೂಡಿಸುವುದು, ಎರಡು ಹೊಲಿಗೆ ಯಂತ್ರ ಇಟ್ಟು ಕೆಲಸ ಹಚ್ಚಿಕೊಡುವುದು ಸಂಘದ ಕೆಲಸ. ಗುಲಾಲೈ ಸಿಕ್ಕಿದ್ದು ಅಲ್ಲೇ. ಕಾಬೂಲಿನಲ್ಲಿ ಮನೆಯ ಮೇಲೆ ರಾಕೆಟ್ ಬಿದ್ದು ಅವಳ ಗಂಡ ಸತ್ತಿದ್ದ. ಏಳು ವರ್ಷದ ಮಗಳು ಪಲ್ವಶಾಳ ಕಾಗದಪತ್ರ ಸಿಗದೆ, ಅವಳನ್ನು ಪೇಶಾವರದ ಅನಾಥಾಲಯದಲ್ಲಿ ಬಿಟ್ಟು ಒಬ್ಬಳೇ ಬಂದಿದ್ದಳು. ಈಗ ಕಾಗದ ಸಿಕ್ಕಿತ್ತು. ಆದರೆ ಒಂದು ಕೋಣೆಯಲ್ಲಿ ನಾಲ್ವರು ಹೆಂಗಸರ ಜೊತೆ ಮಲಗುವವಳ ಬಳಿಗೆ ಅನಾಥಾಲಯದವರು ಮಗುವನ್ನು ಕಳುಹಿಸುವುದಿಲ್ಲವಂತೆ! ಬೇರೆ ಕೋಣೆಯುಳ್ಳ ಮನೆಯವರೊಬ್ಬರು, ತಾಯಿ-ಮಗಳನ್ನು ನಾವು ಇಟ್ಟುಕೊಳ್ಳುತ್ತೇವೆ ಎಂದು ಸಹಿ ಮಾಡಿದ ಪತ್ರ ಅಕ್ಟೋಬರ್ ಮುಗಿಯುವುದರೊಳಗೆ ಬೇಕು. ತಪ್ಪಿದರೆ ಈ ಸಲ ಕಳುಹಿಸುವ ಮಕ್ಕಳ ಪಟ್ಟಿಯಲ್ಲಿ ಅವಳ ಹೆಸರು ಸೇರುವುದಿಲ್ಲ.

ಸ್ಮಿತಾಳ ಮನೆಯ ಬೇಸ್‌ಮೆಂಟ್ ಖಾಲಿ ಬಿದ್ದಿತ್ತು. ಅವಳು ಅಲ್ಲಿ ಪುಟ್ಟ ಮಂಚವೊಂದನ್ನು ಹಾಸಿಯೂ ಇಟ್ಟಿದ್ದಳು. ಗಂಡ ರೋಹಿತ ಸಹಿ ಮಾಡಬೇಕಾದ ಪತ್ರ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ಹತ್ತು ದಿನವಾಗಿತ್ತು. ಅದೇ ಸಂತೋಷಕ್ಕೆ ಗುಲಾಲೈ ತಾನಾಗಿ ಬಟ್ಟೆ ಕೇಳಿ ಇಸಿದುಕೊಂಡು ಈ ಕುಬಸ ಹೊಲಿದಿದ್ದಳು. ಬಸುರಿಯ ಕುಬಸವನ್ನು ಗಂಡ ಸತ್ತವಳು ಮುಟ್ಟಬಾರದೆಂಬುದು ಅವಳಿಗೇನು ಗೊತ್ತು? ಗೊತ್ತಿದ್ದ ಸ್ಮಿತಾ, ಅಮೆರಿಕದಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ ಎಂದುಕೊಂಡಿದ್ದಳು. ಅವಳು ತಪ್ಪಿದ್ದು ಅಲ್ಲಿಯೇ.

ಕೇಳುವವಳು ಮನೆಯಲ್ಲೇ ಇದ್ದಳಲ್ಲ! ಶಿವಕ್ಕ ತಾನೂ ವಿಧವೆಯೇ. ಅವಳ ಮೂವತ್ತೆರಡನೆಯ ವಯಸ್ಸಿನಲ್ಲಿ ಗಂಡ ವೀರಣ್ಣ ತೀರಿಕೊಂಡ ದಿನವೇ ಅವಳ ಅತ್ತೆ, "ನಿನ್ನ ಕೈ ಒಳ್ಳೇದಲ್ಲ, ಶುಭಕಾರ್ಯಕ್ಕ ಮುಂದ ಬರಬ್ಯಾಡ" ಅಂದಿದ್ದಳು. ಅಂದಿನಿಂದ ಎಷ್ಟು ಮದುವೆ, ಎಷ್ಟು ಕುಬಸ! ಒಂದಕ್ಕೂ ಶಿವಕ್ಕ ಪಡಸಾಲೆಗೆ ಕಾಲಿಟ್ಟವಳಲ್ಲ. ಇಂದೂ ಸೊಸೆ ಎಷ್ಟು ಕರೆದರೂ ಒಲೆಯ ಮುಂದಿನಿಂದ ಕದಲಿರಲಿಲ್ಲ. ತಾನು ಇಪ್ಪತ್ತೈದು ವರ್ಷ ನುಂಗಿಕೊಂಡು ಬಂದದ್ದನ್ನು ಇನ್ನೊಬ್ಬಳು ನಗುನಗುತ್ತ ದಾಟಿಬಿಟ್ಟರೆ... ಅದನ್ನು ಅವಳಿಂದ ತಾಳಲಾಗಲಿಲ್ಲ, ಅಷ್ಟೇ.

ವಿಜಾಪುರದ ಓಣಿಯಲ್ಲಿ ಬೆಳೆದ ಶಿವಕ್ಕನಿಗೆ ಉರ್ದು ಚೆನ್ನಾಗಿ ಬರುತ್ತಿತ್ತು. ಗುಲಾಲೈ ಮುಂದೆ ಮಾತ್ರ ಇಷ್ಟು ದಿನ ಬಾರದವಳ ಹಾಗೆ ಇದ್ದಳು. ಅಂದು ತಿರುಗಿ ನಿಂತು ಮೊದಲ ಸಲ ಉರ್ದುವಿನಲ್ಲಿ ಮಾತಾಡಿದಳು. ಪೇಶಾವರದಲ್ಲಿ ಕಲಿತ ಭಾಷೆ ಕಿವಿಗೆ ಬಿದ್ದೊಡನೆ ಗುಲಾಲೈ ಮುಖ ಅರಳಿತು. ಮಾತಿನ ಅರ್ಥ ತಿಳಿಯುವವರೆಗೆ ಮಾತ್ರ.

"ನಿನ್ನ ಕೈ ಒಳ್ಳೆಯದಲ್ಲ. ಕೂಸು ಹುಟ್ಟಿ ತೊಟ್ಟಿಲಿಗೆ ಹಾಕುವ ತನಕ ಈ ಹೊಸ್ತಿಲು ತುಳಿಯಬೇಡ."

ಗುಲಾಲೈ ಒದ್ದೆ ಕೈಯನ್ನು ಒರೆಸಿಕೊಂಡಳು. ಹಿಂಬಾಗಿಲಿನಿಂದ ಹೋದಳು.

ನೆಂಟರೆಲ್ಲ ಹೋದ ಮೇಲೆ ಸ್ಮಿತಾ ಪತ್ರವನ್ನು ಕಿತ್ತು ಗಂಡನ ಮುಂದೆ ಹಿಡಿದಳು. "ಇವತ್ತೇ ಸೈನ್ ಮಾಡ್ರಿ. ಲಿಸ್ಟ್ ಕ್ಲೋಸ್ ಆಗ್ತದ!"

"ಸಹಿ ಮಾಡಿದ್ಯೋ, ನನ್ನ ಹೆಣಾನೂ ಇಲ್ಲೇ ನೋಡ್ತಿ ರೋಹಿತಾ!" ಎಂದು ಶಿವಕ್ಕ ಎದೆ ಬಡಿದುಕೊಂಡಳು. "ಬಸುರಿ ಇದ್ದ ಮನ್ಯಾಗ ಆಕಿ ನೆರಳು ಬ್ಯಾಡ. ನಾ ಏನು ನನ್ನ ಸಲವಾಗಿ ಹೇಳಾಕತ್ತೀನಾ?"

"ಆ ಹುಡುಗಿಗೆ ಏಳು ವರ್ಷ ಅತ್ತಿ... ಅಲ್ಲಿ ಚಳಿಗಾಲ ಶುರು ಆಗ್ತದ..."

ರೋಹಿತ ಇಬ್ಬರ ಮುಖವನ್ನೂ ನೋಡಿದ. ಆಫೀಸಿನಲ್ಲಿ ಇಪ್ಪತ್ತು ಮಂದಿಗೆ ಕೆಲಸ ಹೇಳುವ ಗಂಡಸು ಮನೆಯಲ್ಲಿ ಬಾಯಿ ಸತ್ತವನಾಗಿದ್ದ. "ಸೈನ್ ಮಾಡೋದು ಎಲ್ಲಿ ಓಡಿಹೋಗ್ತದ? ಡೆಲಿವರಿ ಆಗ್ಲಿ. ನೆಕ್ಸ್ಟ್ ಲಿಸ್ಟ್ ಬರ್ತದಲ್ಲ," ಎಂದು ಪತ್ರವನ್ನು ಡ್ರಾಯರಿನೊಳಗೆ ಹಾಕಿದ.

ಡಿಸೆಂಬರಿನಲ್ಲಿ ಸ್ಮಿತಾ ಸುಖವಾಗಿ ಹೆತ್ತಳು. ಹೆಣ್ಣು ಕೂಸು. ಸಂಕ್ರಾಂತಿಗೆ ಮೊದಲು ತೊಟ್ಟಿಲಿಗೆ ಹಾಕಿದರು. ಮರುದಿನವೇ ರೋಹಿತ, ಯಾರೂ ನೆನಪಿಸದೆ, ಡ್ರಾಯರ್ ತೆಗೆದು ಸಹಿ ಹಾಕಿದ. ಶನಿವಾರ ಸ್ಮಿತಾ ಪತ್ರ ಹಿಡಿದುಕೊಂಡು ಸಂಘಕ್ಕೆ ಹೋದಳು. ಒಂದು ತಾಸಿಗೆಲ್ಲ ಅದನ್ನು ಹಿಡಿದುಕೊಂಡೇ ತಿರುಗಿ ಬಂದಳು.

"ಪಲ್ವಶಾ ಹೋಗಿ ಇಪ್ಪತ್ತು ದಿನ ಆತು ಅತ್ತಿ. ನ್ಯುಮೋನಿಯಾ ಅಂತ."

ಕೂಗಾಡಲಿಲ್ಲ, ಅಳಲಿಲ್ಲ. ಕೂಸನ್ನು ಎತ್ತಿಕೊಂಡು ಮಹಡಿ ಹತ್ತಿದಳು. ಅಂದಿನಿಂದ ಊಟಕ್ಕೆ ಬನ್ನಿ ಎನ್ನುವುದನ್ನು ಬಿಟ್ಟು ಅತ್ತೆಯೊಡನೆ ಬೇರೆ ಮಾತಿಲ್ಲ. ಬಯ್ದಿದ್ದರೆ ಶಿವಕ್ಕ ತಿರುಗಿ ಬಯ್ದು ಹಗುರಾಗುತ್ತಿದ್ದಳೇನೋ!

ಮುಂದಿನ ವಾರ ಹಿಮ ಬಿದ್ದ ಮಧ್ಯಾಹ್ನ ಬಾಗಿಲ ಗಂಟೆಯ ಸದ್ದಾಯಿತು. ಸ್ಮಿತಾ ಸ್ನಾನಕ್ಕೆ ಹೋಗಿದ್ದಳು. ಶಿವಕ್ಕ ಬಾಗಿಲು ತೆರೆದರೆ ಗುಲಾಲೈ! ಹೊಸ್ತಿಲಿನಿಂದ ಎರಡು ಮಾರು ದೂರ, ಹಿಮದಲ್ಲಿ ನಿಂತಿದ್ದಳು.

"ಖಾಲಾ, ತೊಟ್ಟಿಲ ಕಾರ್ಯ ಮುಗಿಯಿತೇ? ಈಗ ಬರಬಹುದೇ?"

ಚಿಕ್ಕಮ್ಮನನ್ನು ಕರೆಯುವ ಹಾಗೆ ಖಾಲಾ ಎಂದಿದ್ದಳು; ಆ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ನಿಜವಾಗಿ ಅಪ್ಪಣೆ ಕೇಳುತ್ತಿದ್ದಳು. ಶಿವಕ್ಕ ಹೊರಗೆ ಹೋಗಿ ಕೈ ಹಿಡಿದು ಒಳಗೆ ಕರೆತಂದಳು. ಗುಲಾಲೈ ಅಟ್ಲಾಂಟಾ ಕಡೆ ಹೊಲಿಗೆ ಕಾರ್ಖಾನೆಯ ಕೆಲಸಕ್ಕೆ ಹೊರಟಿದ್ದಳು. ಹೋಗುವ ಮುನ್ನ ಒಂದೇ ಆಸೆ, ಆ ಕೋಣೆ ನೋಡಬೇಕು.

ಬೇಸ್‌ಮೆಂಟಿನ ಪುಟ್ಟ ಮಂಚ ಹಾಸಿದ ಹಾಗೇ ಇತ್ತು. ಗುಲಾಲೈ ಅದರ ತುದಿಯಲ್ಲಿ ಕುಳಿತು ಚೀಲದಿಂದ ಖಣದ ಪುಟ್ಟ ರವಿಕೆಯೊಂದನ್ನು ತೆಗೆದಳು. ಕುಬಸ ಹೊಲಿದು ಉಳಿದ ಬಟ್ಟೆಯಲ್ಲಿ ಮಗಳಿಗೆಂದು ಹೊಲಿದದ್ದು. ತಲೆದಿಂಬಿನ ಮೇಲೆ ಹರವಿ ಸುಕ್ಕು ಬಿಡಿಸಿದಳು. ಶಿವಕ್ಕ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಮೇಲೆ ಕೂಸು ಎದ್ದು ಅಳತೊಡಗಿತು.

"ಹೋಗಿ ಖಾಲಾ, ಮಗು ಅಳುತ್ತಿದೆ."

"ನೀನು ಹೋಗವ್ವಾ... ನೀನೇ ಎತ್ತಿಕೊ," ಎಂದಳು ಶಿವಕ್ಕ ಉರ್ದುವಿನಲ್ಲಿ, ಎರಡೂ ಕೈ ಮುಗಿದು. "ಒಮ್ಮೆ ಎತ್ತಿಕೊಂಡು ಹೋಗು."

ಗುಲಾಲೈ ತನ್ನ ಕೈಗಳನ್ನೇ ನೋಡಿಕೊಂಡಳು. ನಿಧಾನವಾಗಿ ಅವನ್ನು ಶಾಲಿನೊಳಗೆ ಸೇರಿಸಿದಳು.

"ಬೇಡ ಖಾಲಾ. ಅಂದು ನೀವು ಹೇಳಿದಾಗ ಕೋಪ ಬಂದಿತ್ತು. ಆಮೇಲೆ ಯೋಚಿಸಿದೆ. ಮೊದಲು ಗಂಡ, ಈಗ ಮಗಳು... ನೀವು ಹೇಳಿದ್ದು ನಿಜ. ನನ್ನ ಕೈ ಒಳ್ಳೆಯದಲ್ಲ."

"ಸುಳ್ಳು! ನಾನು ಹೇಳಿದ್ದು ಸುಳ್ಳು!" ಎಂದು ಶಿವಕ್ಕ ಚೀರಿದಳು. ತನ್ನ ಅತ್ತೆ ಹೇಳಿದ್ದೂ ಸುಳ್ಳೇ ಎಂಬುದು ಅವಳಿಗೆ ಆ ಗಳಿಗೆಯಲ್ಲೇ ಹೊಳೆದದ್ದು. ಹೊಳೆದು ಏನು ಬಂತು! ಗುಲಾಲೈ ಅವಳ ಪಕ್ಕದಿಂದಲೇ ಮೆಟ್ಟಿಲು ಹತ್ತಿ, ಕೂಸಿನ ಕೋಣೆಯ ಕಡೆ ತಿರುಗಿಯೂ ನೋಡದೆ, ಬೂಟು ಹಾಕಿಕೊಂಡು ಹೊರಟುಹೋದಳು.