ಕಂಬಳಿ ಕೆಳಗಿನ ಯಾಪಾರ

ಬಾಳ ಬಾಳ ಹಿಂದೆ, ನರಿ ಕರಡಿಗೂ ಮಾತು ಬರ್ತಿದ್ದ ಕಾಲದಾಗೆ, ಬಿಳಿಗುಡ್ಡ ಅಂತ ಒಂದು ರಾಜ್ಯ ಇತ್ತು. ದೀಪಾವಳಿ ಕಳೀತು ಅಂದ್ರೆ ಅಲ್ಲಿ ಚಳಿ ಇಳಿಯೋದು. ಎಂಥ ಚಳಿ ಅಂತೀರಿ! ಈಗಿನೋರು ಚಳಿ ಚಳಿ ಅಂತ ಮುದುರ್ತಾರಲ್ಲ, ಅದು ಚಳಿನೇ ಅಲ್ಲ ಬಿಡ್ರಿ. ಅಲ್ಲಿ ಕೋಳಿ ಕೂಗಾಕೆ ಅಂತ ಬಾಯಿ ತೆಗೆದ್ರೆ ಮತ್ತೆ ಮುಚ್ಚೋದು ಬಿಸಿಲೇರಿದ ಮೇಲೇಯ.

ಆ ಚಳಿಯಾಗೇ ಕೋಟೆ ಹೊರಗಿನ ಬಯಲಾಗೆ ಸಂತೆ ಕೂಡೋದು. ಕುಂಬಾರರ ಗಡಿಗೆ, ಮೇದರ ಬುಟ್ಟಿ, ಕುರುಬರ ಕಂಬಳಿ, ಎಲ್ಲ ಕೈಯಾಗೆ ಮಾಡಿದ್ದೇ. ಯಾಪಾರಕ್ಕೆ ಒಂದು ಕಟ್ಟು ಇತ್ತು. ಕೊಡೋರು ತಗೊಳೋರು ಬಟ್ಟೆ ಕೆಳಗೆ ಕೈ ಹಿಡ್ಕೊಂಡು ಬೆರಳಾಗೇ ಬೆಲೆ ಕಟ್ಟಬೇಕು, ಬೆಲೆ ಕುದುರೋವರೆಗೂ ಹಿಡಿದ ಕೈ ಬಿಡಂಗಿಲ್ಲ. ಯಾರು ಮೊದ್ಲು ಬಾಯಿಬಿಟ್ಟು ಬೆಲೆ ಅಂದ್ರೋ ಅವ್ರು ಸೋತಂಗೆ. ಅವ್ರ ಕೈಯಾಗೆ ಏನೈತೋ ಅದು ಗೆದ್ದೋರಿಗೆ.

ಶೀತಗಣ್ಣ ಅನ್ನೋ ಮಾಂತ್ರಿಕ ಈ ಕಟ್ಟನ್ನೇ ಹಿಡ್ಕೊಂಡ. ಒಂದು ವರ್ಷ ಒಂದು ನರಿ, ಒಂದು ಕರಡಿ ಕಟ್ಕೊಂಡು ಸಂತೆಗೆ ಬಂದ. ಅವ್ರ ಕೈ ಹಿಡಿದ್ರೆ ಮಂಜುಗಡ್ಡೆ ಹಿಡಿದಂಗೆ. ತಡೀಲಾರದೆ ಜನ "ನಾಕು ಹಣಕ್ಕೇ ತಗೊಂಡು ಬಿಡಪ್ಪೋ!" ಅಂತ ಕಿರುಚೋರು. ಕಿರುಚಿದ್ದೇ ತಡ, ಕೈಯಾಗಿನ ಬಿಸಿಯೆಲ್ಲ ಮಾಯ. ಕುಂಬಾರರದ್ದು ನರಿ ಪಾಲು, ಮೇದರದ್ದು ಕರಡಿ ಪಾಲು, ನೇಯೋರದ್ದು ಮಾಂತ್ರಿಕನ ಪಾಲು. ಅವತ್ತಿಂದ ಸೋತೋರ ಬೆರಳು ಕೊರಡು. ಮುದ್ದೆ ಮುರಿದು ಉಣ್ಣಾಕೂ ಇನ್ನೊಬ್ರು ಬೇಕು.

ಕಂಬಳಿ ಕ್ಯಾತಯ್ಯನ ಗತಿನೂ ಅದೇ. ಅವನ ಮಗಳು ಈರಕ್ಕ ಮಾತ್ರ ಸುಮ್ನೆ ಕೂರಲಿಲ್ಲ. ಅಪ್ಪ ಬಾಯಾಗೆ ಹೇಳ್ತಾ ಹೋದ, ಇವಳು ಮಗ್ಗದಾಗೆ ಕುಂತು ಒಂದು ಕಂಬಳಿ ನೇಯ್ದಳು. ಅದನ್ನ ಹೊತ್ಕೊಂಡು ಮರುವರ್ಷದ ಸಂತೆಗೆ ಹೊಂಟಳು.

"ಬ್ಯಾಡ ಕಣವ್ವ. ನಿನ್ನ ಕೈನೂ ಹೋದ್ರೆ ಮನೆಯಾಗೆ ಒಲೆ ಹಚ್ಚೋರು ಯಾರು?" ಅಂದ ಕ್ಯಾತಯ್ಯ.

"ನಿನ್ನ ಕೈ ತರಾಕೇ ಹೋಗ್ತಿರೋದು, ಬಾ ಅಪ್ಪಯ್ಯ," ಅಂದಳು.

ಎಳೆಬಿಸಿಲು. ಬಯಲ ತುಂಬ ಇಬ್ಬನಿ. ಈರಕ್ಕ ಕಂಬಳಿ ಹಾಸಿ ಕುಂತಳು. ಮೊದ್ಲು ನರಿ ಬಂತು. ಕಂಬಳಿ ಕೆಳಗೆ ಪಂಜ ತೂರಿಸ್ತು. ಈರಕ್ಕನ ಕೈ ಮಣಿಕಟ್ಟಿನವರೆಗೂ ಜೋಮು ಹಿಡೀತು. ನರಿ ಮೂರು ಒತ್ತಿತು, ಇವಳು ಎಂಟು ಒತ್ತಿದಳು. ನರಿ ನಾಕು ಒತ್ತಿತು, ಇವಳು ಮತ್ತೆ ಎಂಟೇ. ಆಮೇಲೆ ಪಕ್ಕದಾಗಿದ್ದ ಬುಟ್ಟಿ ಮಾರಕ್ಕನ ಕಡೆ ತಿರುಗಿ, "ಪಾಪ, ಈ ನರಿಗೆ ಇದರ ಮುಂದೆ ಎಣಿಕೆ ಬರಾಕಿಲ್ಲ ಕಣಕ್ಕ," ಅಂದಳು.

"ಯಾರಿಗೆ ಬರಾಕಿಲ್ಲ? ಐದು! ಆರು! ಏಳು!" ಅಂತು ನರಿ.

ಅಂದಿದ್ದೇ, ಸಂತೆಯಾಗಿದ್ದ ಕುಂಬಾರರ ಬೆರಳೆಲ್ಲ ಪಟಪಟ ಬಿಚ್ಕೊಂಡವು. ನರಿ ಬಾಲ ಮುದುರ್ಕೊಂಡು ಓಡ್ತು.

ಎರಡನೇದು ಕರಡಿ. ಈರಕ್ಕನ ಕೈ ಮೊಣಕೈವರೆಗೂ ಮರಗಟ್ಟಿತು. ಅವಳೇನೂ ಅವಸರ ಮಾಡಲಿಲ್ಲ. ಒಂದು ಬೆರಳು ಒತ್ತೋದು, ಆಕಾಶ ನೋಡೋದು. ಇನ್ನೊಂದು ಒತ್ತೋದು, ಆಕಳಿಸೋದು. ಚಳಿಗಾಲದ ಕರಡಿ, ಅದಕ್ಕೆ ಗುಹೆದೇ ಧ್ಯಾನ. ಕಣ್ಣು ಎಳೀತಾ ಬಂತು. "ಹತ್ತೋ ಹನ್ನೊಂದೋ ತಗೊಂಡು ಬಿಟ್ಟುಬಿಡೇ ತಾಯಿ, ನಿದ್ದೆ ಬರ್ತೈತೆ," ಅಂತು.

ಮೇದರ ಬೆರಳೂ ಬಿಚ್ಕೊಂಡವು, ಮಾರಕ್ಕನ ಕೈಯಾಗೆ ಬಿದಿರ ಸೀಳು ತಾನಾಗೇ ಕುಣೀತು. ಕರಡಿ ಅಲ್ಲೇ ಉರುಳ್ಕೊಂಡು ಗೊರಕೆ ಹೊಡೀತು.

ಮೂರನೇದಾಗಿ ಶೀತಗಣ್ಣನೇ ಬಂದು ಕುಂತ. ಕೈ ಹಿಡಿದ. ಈರಕ್ಕನ ಭುಜದವರೆಗೂ ಹಿಮ ಏರ್ತು, ಹಲ್ಲು ಕಟಕಟ ಅಂದವು. ರೇಗಿಸಿದ್ರೆ ಅವನು ರೇಗಲಿಲ್ಲ. ತಡ ಮಾಡಿದ್ರೆ ಬೇಸರಪಡಲಿಲ್ಲ. ಬೆರಳಾಗೆ ಐದು ಒತ್ತಿ ಗುಡ್ಡದಂಗೆ ಕುಂತಿದ್ದ. ಕ್ಯಾತಯ್ಯ ಕಣ್ಣು ಮುಚ್ಕೊಂಡ. ಇನ್ನೊಂದು ಗಳಿಗೆ ಆಗಿದ್ರೆ ಹಿಮ ಎದೆಗೆ ಇಳೀತಿತ್ತು.

ಆಗ ಈರಕ್ಕ ಎದ್ದು ನಿಂತಳು. ಇನ್ನೊಂದು ಕೈಯಾಗೆ ಕಂಬಳಿ ಮಡಚಾಕೆ ಹಿಡಿದಳು. "ಇದು ಕೊಳ್ಳೋ ಮುಖ ಅಲ್ಲ ಬಿಡಕ್ಕ. ಹೊಂಟೆ ನಾನು. ಮನೆಯಾಗೆ ಕುರಿಗೇ ಹೊದಿಸ್ತೀನಿ," ಅಂದು ನಡದೇಬಿಟ್ಟಳು. ಹಿಡಿದ ಕೈ ಬಿಡಲಾರದೆ ಮಾಂತ್ರಿಕನೂ ಹಿಂದೆ ಹಿಂದೆ. ಅವನ ಮುಂದೆ ಅತ್ತೋರಿದ್ರು, ಕಾಲಿಗೆ ಬಿದ್ದೋರಿದ್ರು. ಮಾಲು ಎತ್ಕೊಂಡು ಹೊಂಟೋರು ಯಾರೂ ಇರಲಿಲ್ಲ.

"ಏಯ್, ನಿಲ್ಲೇ! ಇಪ್ಪತ್ತು! ಇಪ್ಪತ್ತು ಕೊಡ್ತೀನಿ!"

ಸಂತೆಗೆ ಸಂತೆನೇ ಹೋ ಅಂತು. ಶೀತಗಣ್ಣನ ಕೈಯಿಂದ ಬಿಸಿ ಹರಿದು ಯಾರ್ಯಾರದೋ ಅವ್ರವ್ರಿಗೆ ಸೇರ್ತು. ಮಂತ್ರ ಎಲ್ಲ ಇಳಿದುಹೋಗಿ, ಗಡಗಡ ನಡುಗೋ ಒಬ್ಬ ಮುದುಕ ಉಳ್ದ. "ಅವ್ವಾ... ಚಳಿ..." ಅಂದ.

"ಇಪ್ಪತ್ತು ಅಂದಿದ್ದು ನೀನು. ಇಡು," ಅಂದಳು ಈರಕ್ಕ. ಅವನು ಇಟ್ಟ. ಅವಳು ಕಂಬಳಿ ಹೊದಿಸಿದಳು.

ಕ್ಯಾತಯ್ಯ ಓಡಿಬಂದು ಹತ್ತು ಬೆರಳಾಗೂ ಕಂಬಳಿ ಅಂಚು ಸವರಿದ. ಕಣ್ಣಾಗೆ ನೀರು. ಬಾಯಾಗೆ ಮಾತ್ರ, "ಅಂಚು ಸಡ್ಲ ಐತಲ್ಲೇ! ಇಂಥದಕ್ಕೆ ಇಪ್ಪತ್ತಾ?" ಅಂದ.

"ಹಂಗಾರೆ ನಾಳೆಯಿಂದ ನೀನೇ ನೇಯಿ," ಅಂದಳು ಮಗಳು.

ಅವನು ನೇಯ್ದ. ಬಿಳಿಗುಡ್ಡದಾಗೆ ಗಡಿಗೆ ತುಂಬ ಉಂಡು, ಬೆಚ್ಚಗೆ ಹೊದ್ದು, ಎಲ್ರೂ ನೂರ್ಕಾಲ ಚೆನ್ನಾಗಿದ್ರು.