ಉಳಿದ ದಿನ ಸೊನ್ನೆ

ಪೋರ್ಟಿಕೋದ ಮೋಲ್ಡ್ ಕುಸಿದಾಗ ಪ್ರಮೋದಾ ಇನ್ನೂ ಗೇಟಿನ ಬಳಿ ಸ್ಕೂಟರ್ ನಿಲ್ಲಿಸುತ್ತಿದ್ದಳು. ಕಾಲಡಿಯ ನೆಲ ಅದುರಿತು. ಧೂಳು ಮುಗಿಲೆತ್ತರಕ್ಕೆ ಎದ್ದಿತು. ಅದರೊಳಗಿಂದ ಯಾರದೋ ಕೂಗು—

"ಅಯ್ಯೋ, ಅಂಜಿನಮ್ಮ ಕೆಳಗವ್ಳೆ!"

ಜಡಿಗೇನಹಳ್ಳಿಯ ಹೊರಗೆ ಟ್ರಸ್ಟೊಂದು ಕಟ್ಟಿಸುತ್ತಿದ್ದ ಹೆರಿಗೆ ಆಸ್ಪತ್ರೆ ಅದು. ಗಾರೆ ಕೆಲಸದ ಅಂಜಿನಮ್ಮನನ್ನು ಹೊರಗೆಳೆಯುವಷ್ಟರಲ್ಲಿ ಎಲ್ಲರ ಜೀವ ಬಾಯಿಗೆ ಬಂದಿತ್ತು. ಉಸಿರಿತ್ತು. ಬಲಗಾಲು ಮಾತ್ರ ನಜ್ಜುಗುಜ್ಜಾಗಿತ್ತು.

ಆಂಬ್ಯುಲೆನ್ಸ್ ಹೋದ ಮೇಲೆ ಪೊಲೀಸ್ ಜೀಪು ಬಂತು. ಸಬ್ ಇನ್ಸ್‌ಪೆಕ್ಟರ್ ಆಶಾರಾಣಿ ಮೊದಲು ಹಿಡಿದದ್ದು ಮೇಸ್ತ್ರಿ ಆದಿನಾರಾಯಣಪ್ಪನನ್ನು.

"ಕಾಂಕ್ರೀಟ್ ಇನ್ನೂ ಹಸಿ ಇದೆ. ಕೆಳಗಿನ ಆಸರೆ, ಸೆಂಟ್ರಿಂಗ್ ಯಾಕಯ್ಯಾ ಬಿಚ್ಚಿಸ್ದೆ?"

"ಮೊಬೈಲಿಗೆ ಬಂತು ಮೇಡಂ. ನೀರು ಕಟ್ಟಿ ಗಟ್ಟಿ ಮಾಡೋ ಕ್ಯೂರಿಂಗ್ ಮುಗೀತು, ಬಿಚ್ಚಿ ಅಂತ. ಒಂದು ಕೆಲ್ಸ ಮುಗೀತು ಅಂತ ಕಂಪ್ಯೂಟರಿಗೆ ಹಾಕಿದ್ರೆ ಮುಂದಿನವ್ರಿಗೆ ತಂತಾನೇ ಮೆಸೇಜ್ ಬತ್ತದೆ. ಪ್ರಮೋದಮ್ಮ ಹಾಕವ್ರೆ ಅಂದ್ಮೇಲೆ ನಾವು ಕೇಳಾದೇನೈತೆ?"

ತನ್ನ ಹೆಸರು ಕೇಳಿ ಪ್ರಮೋದಾ ತಿರುಗಿದಳು.

ಯಾವ ಕೆಲಸ ಎಷ್ಟು ಮುಗಿದಿದೆ, ಇನ್ನೆಷ್ಟು ದಿನ ಉಳಿದಿದೆ ಎಂದು ಸಾಫ್ಟ್‌ವೇರಿನಲ್ಲಿ ದಾಖಲಿಸುವುದೇ ಅವಳ ಕೆಲಸ. ತಗಡಿನ ಆಫೀಸಿಗೆ ಓಡಿ ಕಂಪ್ಯೂಟರ್ ತೆರೆದಳು. ಪೋರ್ಟಿಕೋ ಕ್ಯೂರಿಂಗ್—ಮುಗಿದದ್ದು ಶೇಕಡಾ ನೂರು. ಉಳಿದ ದಿನ ಸೊನ್ನೆ. ಬದಲಾಯಿಸಿದವರು: ಪ್ರಮೋದಾ. ನಿನ್ನೆ ಮಧ್ಯಾಹ್ನ!

"ನಾನಲ್ಲ," ಎಂದಳು.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ಘಾಟಿ ಸುಬ್ರಹ್ಮಣ್ಯದಲ್ಲಿ. ನಮ್ಮಕ್ಕನ ಮಗೂಗೆ ಮುಡಿ ಕೊಡೋದಿತ್ತು."

"ಮೊಬೈಲ್ ಇತ್ತಾ?"

"ಇತ್ತು."

"ಮೊಬೈಲಲ್ಲೂ ಇದನ್ನ ಬದಲಾಯಿಸಬಹುದಾ?"

ಪ್ರಮೋದಾ ಹೌದೆಂದು ತಲೆಯಾಡಿಸಿದಳು. ದರ್ಶನದ ಸಾಲಿನಲ್ಲಿ ನಿಂತಾಗ ಆ್ಯಪ್ ತೆರೆದು ನೋಡಿದ್ದು ನಿಜ. ಪರ್ಸೆಂಟ್ ಏರಿಸುವ ಗೆರೆಗೆ ಆಗ ಬೆರಳು ತಾಕಿತೆ?

ಪ್ರಾಜೆಕ್ಟ್ ಮ್ಯಾನೇಜರ್ ವೆಂಕಟರಮಣಪ್ಪ ಅವಳನ್ನು ಆಚೆ ಕರೆದು ನೀರಿನ ಬಾಟಲಿ ಕೊಟ್ಟರು. ಡಿಪ್ಲೊಮಾ ಹಿಡಿದು ಬಂದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಸಾಫ್ಟ್‌ವೇರ್ ಕಲಿಸಿದವರು ಅವರೇ. ಅಪ್ಪ ತೀರಿಕೊಂಡಾಗ ಮನೆಗೆ ಬಂದು ಹೆಗಲು ಕೊಟ್ಟವರೂ ಅವರೇ.

"ಬೆರಳು ತಾಕಿರ್ತದೆ ಮಗಳೇ. ಮನುಷ್ಯರಿಗೆ ಆಗೋದೇ. ಒಪ್ಕೊಂಡ್ಬಿಡು. ಬೇಕೂಂತ ಮಾಡಿದ್ದಲ್ಲ ಅಂತ ನಾನ್ ಹೇಳ್ತೀನಿ. ನಿನ್ನ ಕೈ ಬಿಡ್ತೀನಾ?"

ಅವಳಿಗೆ ಅಳು ಬಂತು. ಇವರೊಬ್ಬರಾದರೂ ಇದ್ದಾರಲ್ಲ ಎನಿಸಿತು.

ಒಳಗೆ ಆಶಾರಾಣಿ ಸೈಟ್ ಎಂಜಿನಿಯರ್ ಅನಿಲ್‌ಕುಮಾರನನ್ನು ಕೇಳುತ್ತಿದ್ದರು.

"ನಿನ್ನೆ ಸಂಜೆ ಟ್ರಸ್ಟಿನವರ ಮೀಟಿಂಗ್ ಇತ್ತಂತೆ. ಪೋರ್ಟಿಕೋ ತಡವಾಗಿದೆ ಅಂತ ಗೊತ್ತಾದ್ರೆ ಯಾರಿಗೆ ಉಗೀತಿದ್ರು?"

"ನಂಗೇ ಮೊದ್ಲು ಉಗೀತಿದ್ರು ಮೇಡಂ. ಅದಕ್ಕೇಂತ ಹಸಿ ಮೋಲ್ಡ್ ಕೆಳಗೆ ಜನ ನಿಲ್ಲಿಸ್ತೀನಾ?"

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?"

"ಇಲ್ಲೇ ಆಫೀಸಲ್ಲಿ, ಸಾರ್ ಜೊತೆ ಊಟಕ್ಕೆ. ಮಧ್ಯೆ ಮಧ್ಯೆ ಒಬ್ಬೊಬ್ರೇ ಎದ್ದು ಹೋಗಿ ಬರ್ತಿದ್ವಿ, ಬೇರೆ ಯಾರೂ ಇರ್ಲಿಲ್ಲ."

"ಪ್ರಗತಿ ಹೇಗೆ ಹಾಕ್ತೀಯ? ತೋರ್ಸು."

ಅನಿಲ್ ಮೊಬೈಲ್ ತೆಗೆದ. ಕೆಲಸದ ಹೆಸರಿನ ಕೆಳಗೆ ಒಂದು ಗೆರೆ. ಬೆರಳಲ್ಲಿ ಎಳೆದ. ಐವತ್ತು, ಎಂಬತ್ತು—ಪರ್ಸೆಂಟ್ ಏರಿತು.

"ಇಷ್ಟೇನಾ? ಉಳಿದ ದಿನ ಹಾಕೋಕೆ ಆಗಲ್ವಾ?"

"ಮೊಬೈಲಲ್ಲಿ ಇರೋದು ಇಷ್ಟೇ ಮೇಡಂ."

"ಕಂಪ್ಯೂಟರಲ್ಲಿ?"

ಅನಿಲ್ ಕುರ್ಚಿಗೆ ಕೂತು ತಡಕಾಡಿದ. ಆ ಕಾಲಂ ಎಲ್ಲಿದೆ ಎಂದು ಕೊನೆಗೂ ಸಿಗಲಿಲ್ಲ. "ನಾನ್ಯಾವತ್ತೂ ಪರ್ಸೆಂಟೇ ಹಾಕೋದು," ಎಂದು ಪೆಚ್ಚಾದ.

ಅಷ್ಟರಲ್ಲಿ ಪ್ರಮೋದಾ ಒಳಗೆ ಬಂದಳು. ಹಿಂದೆಯೇ ವೆಂಕಟರಮಣಪ್ಪ.

"ಮೇಡಂ, ನಾನು ಒಂದು ಮಾತು ಹೇಳ್ಬೇಕು. ಬಹುಶಃ ನನ್ನಿಂದಲೇ—"

"ಸ್ವಲ್ಪ ತಡೀರಿ," ಎಂದರು ಆಶಾರಾಣಿ. "ಎಲ್ರೂ ಈ ನೂರು ನೋಡಿ ಗಾಬರಿಯಾದ್ರಿ. ಅದರ ಕೆಳಗಿನ ಸಣ್ಣ ಅಕ್ಷರ ಓದಿದ್ರಾ? ಓದಮ್ಮ."

ಪ್ರಮೋದಾ ಬಗ್ಗಿ ಓದಿದಳು. ಉಳಿದ ದಿನ: ಕೈಯಿಂದ ಬದಲಾವಣೆ. ಶೇಕಡಾ: ತಂತಾನೇ ಲೆಕ್ಕ.

"ಅಂದ್ರೆ?"

"ಅಂದ್ರೆ... ಪರ್ಸೆಂಟ್ ಯಾರೂ ಮುಟ್ಟಿಲ್ಲ. ಉಳಿದ ದಿನ ಸೊನ್ನೆ ಅಂತ ಹೊಡೆದಿದ್ದಾರೆ. ಪರ್ಸೆಂಟ್ ತಂತಾನೇ ನೂರಾಗಿದೆ."

"ಮೊಬೈಲಲ್ಲಿ ಆಗುತ್ತಾ ಅದು?"

"ಇಲ್ಲ!" ಅವಳ ಬೆನ್ನು ನೆಟ್ಟಗಾಯಿತು. "ಇಲ್ಲ ಮೇಡಂ, ಇಲ್ಲಿ ಕೂತೇ ಮಾಡ್ಬೇಕು."

"ನೀವು ಘಾಟಿಯಲ್ಲಿದ್ರಿ. ಇಲ್ಲಿ ಇದ್ದವರು ಇಬ್ಬರು. ಅನಿಲ್‌ಗೆ ಆ ಕಾಲಂ ಎಲ್ಲಿದೆ ಅಂತಾನೇ ಗೊತ್ತಿಲ್ಲ. ನೀವು ಯಾವಾಗ್ಲೂ ಹೇಗೆ ಹಾಕ್ತೀರ?"

"ಉಳಿದ ದಿನ. ಪರ್ಸೆಂಟ್ ಕೇಳಿದ್ರೆ ಎಲ್ರೂ ಬಾಯಿಗೆ ಬಂದದ್ದು ಹೇಳ್ತಾರೆ. ಇನ್ನೆಷ್ಟು ದಿನ ಬೇಕು ಅಂದ್ರೆ ಯೋಚ್ನೆ ಮಾಡಿ ಹೇಳ್ತಾರೆ."

"ಈ ಮಾತು ನಿಮಗೆ ಹೇಳಿಕೊಟ್ಟವರು ಯಾರು?"

ಪ್ರಮೋದಾ ಕುರ್ಚಿ ಹಿಡಿದು ಕೂತಳು.

"ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ... ಸೇರಿದ ದಿನ ಸಾರೇ ಹಾಕಿಕೊಟ್ಟಿದ್ರು. ಬದಲಾಯಿಸ್ಬೇಕು ಅಂತ ಅನ್ನಿಸ್ಲೇ ಇಲ್ಲ."

ಯಾರೂ ಅತ್ತ ತಿರುಗಲಿಲ್ಲ. ತಿರುಗಬೇಕಾಗಿಯೂ ಇರಲಿಲ್ಲ. ವೆಂಕಟರಮಣಪ್ಪ ಗೋಡೆಗೆ ಕೈಯೂರಿ ನಿಂತಿದ್ದರು.

"ಕೈಗೆ ಅಭ್ಯಾಸವಾದ ದಾರಿ ಸುಲಭಕ್ಕೆ ಬಿಡೋದಿಲ್ಲ ಸಾರ್," ಎಂದರು ಆಶಾರಾಣಿ. "ಸುಳ್ಳು ಲೆಕ್ಕವನ್ನೂ ನಿಮ್ಮ ಪದ್ಧತಿ ಪ್ರಕಾರಾನೇ ಹಾಕಿದ್ರಿ. ಯಾಕೆ?"

ವೆಂಕಟರಮಣಪ್ಪ ನೆಲ ನೋಡುತ್ತ ಹೇಳಿದರು.

"ಟ್ರಸ್ಟಿನವ್ರು ನನ್ನ ತೆಗೆದು ಬೇರೆಯವ್ರನ್ನ ತರೋಕೆ ಕಾಯ್ತಿದ್ರು. ಒಂದ್ಸಂಜೆ ಸ್ಕ್ರೀನಲ್ಲಿ ಕೆಲ್ಸ ಮುಗಿದಿದೆ ಅಂತ ಹಸಿರು ಕಂಡ್ರೆ ಸಾಕಿತ್ತು. ಬೆಳಗ್ಗೆ ಬಂದು ಸರಿ ಮಾಡ್ತೀನಿ ಅಂತಿದ್ದೆ. ಮೇಸ್ತ್ರಿಗೆ ಮೆಸೇಜ್ ಹೋಗೋದು ತಲೆಗೇ ಬರ್ಲಿಲ್ಲ."

"ನನ್ನ ಹೆಸ್ರಲ್ಲಿ ಯಾಕ್ ಸಾರ್?" ಪ್ರಮೋದಾ ಕೇಳಿದಳು.

"ನಾನು ಹಾಕಿದ್ರೆ ಅವ್ರು ಹತ್ತು ಪ್ರಶ್ನೆ ಕೇಳ್ತಾರೆ. ನೀನು ಹಾಕಿದ್ದಕ್ಕೆ ಯಾರೂ ಎರಡನೇ ಮಾತು ಆಡಲ್ಲ ಮಗಳೇ."

ಆ 'ಮಗಳೇ' ಎನ್ನುವುದು ಅವಳ ಮೈಮೇಲೆ ಬಿಸಿ ಎಣ್ಣೆಯಂತೆ ಬಿತ್ತು.

"ಹಾಗನ್ಬೇಡಿ. ನಿನ್ನೆ ಮಧ್ಯಾಹ್ನದ ಸುಳ್ಳು ಬಿಡಿ, ಹೆದರಿ ಹಾಕಿದ್ರಿ ಅಂದ್ಕೊಳ್ತೀನಿ. ಈಗ, ಆಚೆ ನಿಲ್ಲಿಸ್ಕೊಂಡು ನೀರು ಕೊಟ್ಟು, ಒಪ್ಕೋ ಅಂದ್ರಲ್ಲ? ನಾನು ಒಪ್ಕೊಳ್ಳೋಕೇ ಒಳಗೆ ಬಂದಿದ್ದೆ ಸಾರ್. ನನ್ನ ನೆನಪನ್ನೇ ಸುಳ್ಳು ಅಂದ್ಕೊಂಡೆ. ನೀವು ಹೇಳಿದ್ರಿ ಅಂತ."

ವೆಂಕಟರಮಣಪ್ಪ ಏನೋ ಹೇಳಹೊರಟರು. ಆಶಾರಾಣಿ ಬಾಗಿಲು ತೋರಿಸಿದರು. ಜೀಪಿನ ಕಡೆ ನಡೆಯುತ್ತ ವೆಂಕಟರಮಣಪ್ಪ ಒಮ್ಮೆ ಹಿಂತಿರುಗಿ ನೋಡಿದರು.

ಪ್ರಮೋದಾ ಅಲ್ಲಿರಲಿಲ್ಲ. ಅಂಜಿನಮ್ಮನನ್ನು ಆಪರೇಷನ್‌ಗೆ ಒಳಗೆ ಕರೆದೊಯ್ದರೆಂದು ಫೋನ್ ಬಂದಿತ್ತು. ಮನೆಯವರು ಇನ್ನೂ ತಲುಪಿಲ್ಲವಂತೆ, ಬಾಗಿಲಲ್ಲಿ ಕಾಯಲು ಯಾರಾದರೂ ಬೇಕಂತೆ. ಅವಳು ಆಗಲೇ ಹೊಸಕೋಟೆಯ ಆಸ್ಪತ್ರೆಯ ದಾರಿ ಹಿಡಿದಿದ್ದಳು.