ಎಂಟನೇ ಶನಿವಾರದ ಕಂತು

ದೇವೇಂದ್ರ ಮೊದಲ ದಿನ ನನ್ನನ್ನು ಮೋಸಗಾತಿ ಅಂದುಕೊಂಡ. ಅವನ ತಪ್ಪೇನಿಲ್ಲ ಬಿಡಿ. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತ ಹೆಂಗಸು, ‘ಈ ಮಾತ್ರೆ ನಮ್ಮಲ್ಲಿಲ್ಲ, ನನ್ನ ಕ್ರೆಡಿಟ್ ಕಾರ್ಡಿನಲ್ಲಿ ತರಿಸಿಕೊಡ್ತೀನಿ, ದುಡ್ಡು ಆಮೇಲೆ ಕೊಡಿ’ ಅಂದರೆ ಯಾರಿಗೆ ತಾನೆ ಅನುಮಾನ ಬರುವುದಿಲ್ಲ?

“ಇದ್ರಲ್ಲಿ ನಿಮಗೇನು ಲಾಭ ಮೇಡಂ?” ಅಂದ.

“ನಾನೂರ ಎಪ್ಪತ್ತು ರೂಪಾಯಿ,” ಅಂದೆ. “ಬಾಕ್ಸಿಗೆ ಒಂಬತ್ತು ಸಾವಿರದ ನಾನೂರು. ಆನ್‌ಲೈನಲ್ಲಿ ತಗೊಂಡ್ರೆ ನನ್ನ ಕಾರ್ಡಿಗೆ ಐದು ಪರ್ಸೆಂಟ್ ಕ್ಯಾಶ್‌ಬ್ಯಾಕ್ ಬರುತ್ತೆ. ಕೊಡೋದು ಬ್ಯಾಂಕಿನೋರು. ನಿಮ್ಮ ಜೇಬಿಗೇನೂ ಕೈ ಹಾಕಲ್ಲ, ಹೆದರ್ಕೋಬೇಡಿ.”

ಅವನು ನಕ್ಕುಬಿಟ್ಟ. ನಗುವಾಗ ತಲೆ ಬಗ್ಗಿಸಿ ನೆಲ ನೋಡುತ್ತಾನೆ, ನಕ್ಕಿದ್ದಕ್ಕೆ ಯಾರೋ ಬೈಯುತ್ತಾರೆ ಅನ್ನುವ ಹಾಗೆ. ತಲೆಗೂದಲಲ್ಲಿ ಒಂದು ಹಸಿರು ನೂಲಿನ ಎಳೆ ಸಿಕ್ಕಿಕೊಂಡಿತ್ತು. ತೆಗೆದುಹಾಕೋಣ ಅಂತ ನನ್ನ ಕೈ ತುರಿಸಿತು. ಮೂವತ್ತೊಂದು ವರ್ಷದವಳಿಗೆ ಇದೆಲ್ಲ ಯಾಕೆ ಬೇಕು ಅಂತ ನನ್ನನ್ನೇ ಬೈದುಕೊಂಡೆ.

ಅವನು ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಓಡಿಸುತ್ತಿದ್ದ. ಮನೆ ರಾಜಘಟ್ಟ. ಮನೆಯಲ್ಲಿ ತಾಯಿ ಕದಿರಮ್ಮ ಒಬ್ಬರೇ, ಅವರಿಗೆ ಕ್ಯಾನ್ಸರ್. ಮಾತ್ರೆ ಇಲ್ಲದೆ ಆಗದು. ಅಷ್ಟು ದುಬಾರಿ ಮಾತ್ರೆಯನ್ನು ನಮ್ಮ ಮಾಲೀಕರು ರಾಮಾಂಜಿನಪ್ಪನವರು ಇಡುತ್ತಿರಲಿಲ್ಲ. ಡೇಟ್ ಮುಗಿದರೆ ಯಾರ ತಲೆಗೆ ಕಟ್ಟಲಿ ಅನ್ನುತ್ತಿದ್ದರು. ದೇವೇಂದ್ರನಿಗೆ ಸಂಬಳ ಸಿಗುವುದು ವಾರಕ್ಕೊಮ್ಮೆ, ಶನಿವಾರದ ಬಟವಾಡೆಯಲ್ಲಿ. ಒಂಬತ್ತು ಸಾವಿರ ಒಟ್ಟಿಗೆ ಎಲ್ಲಿಂದ ಬರಬೇಕು? ಕಾರ್ಡಿನಲ್ಲಾದರೆ ಬಿಲ್ ಕಟ್ಟಲು ತಿಂಗಳ ಮೇಲೆ ಟೈಮ್ ಇರುತ್ತದೆ. ಹಾಗಾಗಿ ಅವನು ಪ್ರತಿ ಶನಿವಾರ ಬಂದು ಎರಡು ಸಾವಿರದ ಮುನ್ನೂರ ಐವತ್ತು ಕೊಡುವುದು, ನಾನು ಅವತ್ತೇ ಕಾರ್ಡಿಗೆ ಕಟ್ಟುವುದು ಅಂತ ಮಾತಾಯಿತು. ನಾಲ್ಕು ಶನಿವಾರಕ್ಕೆ ಒಂದು ಬಾಕ್ಸು.

“ಇಲ್ಲಿ ನೋಡಿ, ಮಿನಿಮಮ್ ಡ್ಯೂ ಐನೂರು ಅಂತ ತೋರ್ಸುತ್ತಲ್ಲ?” ಅಂತ ಒಂದು ದಿನ ಫೋನ್ ತೋರಿಸಿ ಪಾಠ ಮಾಡಿದೆ. “ಅಷ್ಟು ಕಟ್ಟಿದ್ರೆ ಸಾಕು ಅಂತ ಬಹಳ ಜನ ಅಂದ್ಕೊಳ್ತಾರೆ. ಮಿಕ್ಕಿದ್ದಕ್ಕೆಲ್ಲ ಬಡ್ಡಿ ಬೀಳ್ತಾ ಹೋಗುತ್ತೆ. ಮನೆ ಹಾಳು. ನಾನು ಯಾವತ್ತಿದ್ರೂ ಪೂರ್ತಿ ಕಟ್ಟೋಳೇ.”

“ದುಡ್ಡಿನ ವಿಷಯ ಬಿಡಿ,” ಅಂದ ಅವನು, ನೆಲ ನೋಡುತ್ತಾ. “ಮೂರು ತಿಂಗಳಿಂದ ಬರ್ತಿದ್ದೀನಿ, ಮಿನಿಮಮ್ ಒಂದು ನಗೂನಾದ್ರೂ ಕೊಟ್ಟಿದ್ದೀರಾ?”

“ಕೌಂಟರ್ ಮುಂದೆ ನಿಂತು ಹಲ್ಲು ಕಿರಿದ್ರೆ ರಾಮಾಂಜಿನಪ್ಪನೋರು ಸಂಬಳ ಕೊಡ್ತಾರಾ?” ಅಂದೆ. ಅವನು ಹೋದ ಮೇಲೆ ಮಾತ್ರೆಗಳ ರ‍್ಯಾಕಿನ ಕಡೆ ತಿರುಗಿ ನಗುತ್ತಲೇ ಇದ್ದೆ.

ಕ್ಯಾಶ್‌ಬ್ಯಾಕಿನಲ್ಲಿ ಅರ್ಧ ಅವನದು ಅಂತ ನಾನು, ಬೇಡವೇ ಬೇಡ ಅಂತ ಅವನು. ಜಗಳ ಬಗೆಹರಿಯಲಿಲ್ಲ. ಕೊನೆಗೆ, ಸ್ಟೇಟ್‌ಮೆಂಟ್ ಬಂದ ಮೇಲಿನ ಶನಿವಾರ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಇಬ್ಬರೂ ಮಸಾಲೆ ದೋಸೆ ತಿನ್ನುವುದು ಅಂತ ರಾಜಿಯಾಯಿತು. ‘ಬ್ಯಾಂಕಿನೋರ ದೋಸೆ’ ಅಂತ ಅವನು ಹೆಸರಿಟ್ಟ. ದೋಸೆಯ ಮಧ್ಯದಲ್ಲಿರುವ ಪಲ್ಯವನ್ನು ಕೊನೆಗೆ ಉಳಿಸಿಕೊಂಡು ತಿನ್ನುತ್ತಾನೆ. ನಾನು ಬೇಕಂತಲೇ ಸ್ಪೂನು ಹಾಕಿ ಕದಿಯುತ್ತಿದ್ದೆ. ಕಂಡರೂ ಕಾಣದವನ ಹಾಗೆ ತಟ್ಟೆಯನ್ನು ನನ್ನ ಕಡೆ ಸರಿಸುತ್ತಿದ್ದ. ಆರನೇ ತಿಂಗಳಿಗೆ ಮೇಡಂ ಹೋಗಿ ಹರ್ಷಿತ ಆದೆ.

ಒಂದು ಸಲ ಆಸ್ಪತ್ರೆಗೆ ಬಂದ ಕದಿರಮ್ಮನವರು ಆಟೋ ನಿಲ್ಲಿಸಿಕೊಂಡು ನನ್ನನ್ನು ನೋಡಲು ಶಾಪಿಗೆ ಬಂದರು. ಕೈ ಹಿಡಿದು ಮುಖವನ್ನೇ ನೋಡಿ, “ಇದೇನವ್ವ, ಕಿವಿಗೆ ಪ್ಲಾಸ್ಟಿಕ್ಕು ಹಾಕ್ಕೊಂಡಿದ್ದೀಯ?” ಅಂದರು. ಆಮೇಲೆ ತಮ್ಮ ಕಿವಿಯ ಕೆಂಪು ಕಲ್ಲಿನ ಓಲೆಯನ್ನು ಮುಟ್ಟಿಕೊಂಡು ಮಗನ ಕಡೆ ನೋಡಿದರು. ದೇವೇಂದ್ರ ಕಿವಿಯವರೆಗೂ ಕೆಂಪಾಗಿ ಆಟೋದವನ ಹತ್ತಿರ ಸುಮ್ಮಸುಮ್ಮನೆ ಚೌಕಾಸಿಗೆ ನಿಂತ.

ಎಂಟನೇ ತಿಂಗಳಲ್ಲಿ ಡಾಕ್ಟರು ಮಾತ್ರೆಯನ್ನು ಎರಡರಷ್ಟು ಮಾಡಿದರು. ತಿಂಗಳಿಗೆ ಎರಡು ಬಾಕ್ಸು, ಹದಿನೆಂಟು ಸಾವಿರದ ಎಂಟುನೂರು. ಅವನು ಎರಡು ಶಿಫ್ಟ್ ಮಾಡತೊಡಗಿದ. ಈಗ ಹೇಳಲು ನಾಚಿಕೆಯಾಗುತ್ತದೆ: ಅವತ್ತು ನಾನು ಮೊದಲು ಲೆಕ್ಕ ಹಾಕಿದ್ದು ಕ್ಯಾಶ್‌ಬ್ಯಾಕ್ ಒಂಬೈನೂರ ನಲವತ್ತಾಗುತ್ತದೆ, ದೋಸೆಯ ಜೊತೆಗೆ ಸಿನಿಮಾಗೂ ಹೋಗಬಹುದು ಅಂತ. ಒಂದು ಹೆಂಗಸು ಸಾಯುತ್ತಿದ್ದಳು, ನಾನು ಖುಷಿಪಟ್ಟೆ. ಥೂ ನನ್ನ ಜನ್ಮಕ್ಕೆ.

ಆ ಶನಿವಾರವೂ ದೋಸೆಯ ಶನಿವಾರ. ಹಳೆಯ ಬಾಕಿಯೆಲ್ಲ ತೀರಿತ್ತು. ಹೊಸ ಎರಡು ಬಾಕ್ಸು ಮಧ್ಯಾಹ್ನ ಕೊರಿಯರ್‌ನಲ್ಲಿ ಬಂದಿದ್ದವು. ದೋಸೆ ತಿಂದು ಬಂದು ತೆಗೆದುಕೊಂಡು ಹೋಗುತ್ತೇನೆ ಅಂದ. ಹೋಟೆಲಿನಲ್ಲಿ ಐದು ಗಂಟೆಗೇ ಎದ್ದು ನಿಂತ.

“ಅಮ್ಮ ಬೆಳಿಗ್ಗೆಯಿಂದ ಗಂಜೀನೂ ಕುಡಿದಿಲ್ಲ. ಹೋಗ್ತೀನಿ.”

“ಇನ್ನೊಂದು ಬೈಟು ಕಾಫಿ ಕುಡಿದು ಹೋಗೋ ಮಾರಾಯ. ವಾರವೆಲ್ಲ ಕಾದಿದ್ದೀನಿ,” ಅಂದೆ. ಅಂಗಿಯ ತೋಳು ಹಿಡಿದು ಕೂರಿಸಿದೆ.

ಅವನು ಕೂತ. ಕಾಫಿ ಬರುವುದು ತಡವಾಯಿತು. ಅವನ ಫೋನು ಜೇಬಿನಲ್ಲಿ ಸೈಲೆಂಟಿನಲ್ಲಿತ್ತು. ಮಗ್ಗದ ಸದ್ದಿಗೆ ಹೇಗೂ ಕೇಳುವುದಿಲ್ಲ ಅಂತ ಅವನು ಯಾವಾಗಲೂ ಹಾಗೇ ಇಡುತ್ತಿದ್ದದ್ದು. ದುಡ್ಡು ಕೊಡುವಾಗ ತೆಗೆದು ನೋಡಿದರೆ ಪಕ್ಕದ ಮನೆಯ ಮುತ್ತಮ್ಮನ ಹನ್ನೊಂದು ಮಿಸ್ಡ್ ಕಾಲ್. ಅವನು ಓಡಿದ. ಬಾಕ್ಸುಗಳು ನನ್ನ ಕೌಂಟರಿನಲ್ಲೇ ಉಳಿದವು. ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮೂರನೇ ದಿನ ರಾಜಘಟ್ಟಕ್ಕೆ ಹೋದೆ. ಜಗಲಿಯ ಮೇಲೆ ಕೂತಿದ್ದವನು ತಲೆ ಎತ್ತಲಿಲ್ಲ. ಅರ್ಧ ಗಂಟೆ ನಿಂತೇ ಇದ್ದೆ. ಮುತ್ತಮ್ಮನವರು ಬಂದು ನನ್ನ ಭುಜ ಮುಟ್ಟಿ, “ಹೋಗಿ ಬಾರವ್ವ. ಕೊನೇ ಉಸಿರಿಗೆ ಮಗನ್ನ ಕೇಳ್ತು, ಅವನು ಇರ್ಲಿಲ್ಲ. ಆ ಸಂಕಟ ಅವನಿಗೆ,” ಅಂದರು. ಆಮೇಲೆ ನಾನು ಮಾಡಿದ ಫೋನನ್ನೂ ಅವನು ಎತ್ತಲಿಲ್ಲ.

ಐದನೇ ದಿನ ಬಾಕ್ಸುಗಳನ್ನು ಆನ್‌ಲೈನ್ ಕಂಪನಿಗೆ ವಾಪಸ್ ಕಳಿಸಿದೆ. ಸೀಲ್ ಒಡೆದಿರಲಿಲ್ಲ, ತೆಗೆದುಕೊಂಡರು. ಹದಿನೆಂಟು ಸಾವಿರದ ಎಂಟುನೂರು ಕಾರ್ಡಿಗೆ ಹಿಂದಿರುಗಿತು. ಆ ಆರ್ಡರಿನ ಒಂಬೈನೂರ ನಲವತ್ತನ್ನೂ ಬ್ಯಾಂಕು ಕಿತ್ತುಕೊಂಡಿತು. ಬಾಕಿ ಸೊನ್ನೆ.

ಆ ಶನಿವಾರ ಸಂಜೆ ಮೆಸೇಜ್ ಬಂತು: ನಿಮ್ಮ ಕಾರ್ಡಿಗೆ ರೂ. 2,350 ಜಮಾ ಆಗಿದೆ.

ಕೂಡಲೇ ಅರ್ಥವಾಯಿತು. ಬರಲು ಆಗದ ವಾರಕ್ಕೆ ಇರಲಿ ಅಂತ ಕಾರ್ಡಿನ ಯುಪಿಐ ಐಡಿಯನ್ನು ಹಿಂದೆ ಮಾತ್ರೆಯ ಕವರಿನ ಮೇಲೆ ಬರೆದುಕೊಟ್ಟಿದ್ದೆ. ಅದಕ್ಕೆ ಯಾರು ಬೇಕಾದರೂ ದುಡ್ಡು ಹಾಕಬಹುದು. ಬಾಕಿ ಎಷ್ಟಿದೆ ಅಂತ ಹಾಕುವವರಿಗೆ ಕಾಣಿಸುವುದಿಲ್ಲ. ನಮ್ಮ ಶಾಪಿನಲ್ಲಿ ನನ್ನ ತಲೆಯ ಮೇಲೆ ಗೋಡೆಯಲ್ಲಿ ಒಂದು ಬೋರ್ಡಿದೆ: ಮಾರಿದ ಔಷಧಿಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಎಂಟು ತಿಂಗಳು ಪ್ರತಿ ಶನಿವಾರ ಅವನು ಅದನ್ನು ಓದಿದ್ದ. ಆ ಬಾಕ್ಸುಗಳ ಸಾಲ ತನ್ನ ಮೇಲಿದೆ ಅಂತಲೇ ನಂಬಿದ್ದ.

ಒಂದು ಮೆಸೇಜ್ ಹಾಕಿದ್ದರೆ ಮುಗಿಯುತ್ತಿತ್ತು. ‘ವಾಪಸ್ ಕಳಿಸಿದ್ದೀನಿ, ಕಟ್ಟಬೇಡ.’ ಟೈಪ್ ಮಾಡಿದೆ, ಅಳಿಸಿದೆ. ಯಾಕೆ ಗೊತ್ತೇ? ಹೇಳಿದರೆ ಅವನು ಕಟ್ಟುವುದು ನಿಲ್ಲಿಸುತ್ತಾನೆ. ನಿಲ್ಲಿಸಿದರೆ ಅವನಿಂದ ನನಗೆ ಬರುವುದು ಇನ್ನೇನೂ ಇಲ್ಲ. ಬ್ಯಾಂಕಿನ ಆ ಜಮಾ ಮೆಸೇಜಿನಿಂದಲೇ ಅವನು ಬದುಕಿದ್ದಾನೆ, ನನ್ನನ್ನು ನೆನೆಯುತ್ತಿದ್ದಾನೆ ಅಂತ ನನಗೆ ತಿಳಿಯುತ್ತಿತ್ತು. ಹದಿನೆಂಟು ಸಾವಿರದ ಎಂಟುನೂರಕ್ಕೆ ಎಂಟು ಶನಿವಾರ. ಎಂಟು ಸಲ ಸಿಗುತ್ತಾನೆ ಅಂತ ಬಾಯಿ ಮುಚ್ಚಿಕೊಂಡೆ. ತಿಥಿ ಮುಗಿಯುವವರೆಗೆ ಅವನು ಮಗ್ಗಕ್ಕೇ ಹೋಗಿರಲಿಲ್ಲ, ಬಟವಾಡೆಯೇ ಇರಲಿಲ್ಲ. ಮತ್ತೆ ದುಡ್ಡು ಎಲ್ಲಿಂದ ಬರುತ್ತಿದೆ ಅನ್ನುವ ಪ್ರಶ್ನೆ ಬಂದಾಗಲೂ ಬಾಯಿ ಮುಚ್ಚಿಕೊಂಡೇ ಇದ್ದೆ.

ಏಳನೇ ಶನಿವಾರದ ಹೊತ್ತಿಗೆ ಕಾರ್ಡಿನ ಬಾಕಿ ಮೈನಸ್ ಹದಿನಾರು ಸಾವಿರದ ನಾನೂರ ಐವತ್ತು ತೋರಿಸುತ್ತಿತ್ತು. ಅಷ್ಟೂ ಅವನ ದುಡ್ಡು, ಸುಮ್ಮನೆ ಬಿದ್ದಿತ್ತು. ಎಂಟನೇ ಶನಿವಾರ ಬೆಳಿಗ್ಗೆ ಅರ್ಧ ದಿನ ರಜಾ ಹಾಕಿ ರಾಜಘಟ್ಟದ ಬಸ್ ಹತ್ತಿದೆ.

ಅವನು ಶಿಫ್ಟಿಗೆ ಹೊರಡಲು ಬಾಗಿಲಿಗೆ ಬೀಗ ಹಾಕುತ್ತಿದ್ದ. ಬೋಳಿಸಿದ್ದ ತಲೆಯಲ್ಲಿ ಕೂದಲು ಆಗಷ್ಟೇ ಚಿಗುರಿತ್ತು.

“ಇವತ್ತು ಕೊನೇದು,” ಅಂದ ನನ್ನನ್ನು ನೋಡದೆ. “ಸಂಜೆ ಹಾಕ್ತೀನಿ. ಅದಕ್ಕೆ ಬಂದ್ರಾ?”

ಹರ್ಷಿತ ಮತ್ತೆ ‘ಬಂದ್ರಾ’ ಅನ್ನಿಸಿಕೊಳ್ಳುವ ಮೇಡಂ ಆಗಿದ್ದಳು.

“ಹಾಕಬೇಡ. ನೀನು ನನಗೇನೂ ಕೊಡಬೇಕಾಗಿಲ್ಲ ದೇವೇಂದ್ರ. ಬಾಕ್ಸುಗಳನ್ನ ಐದನೇ ದಿನವೇ ವಾಪಸ್ ಕಳಿಸಿದ್ದೆ. ದುಡ್ಡು ಬಂದಿತ್ತು. ನಿಂಗೆ ಹೇಳ್ಲಿಲ್ಲ.”

ಬೀಗದ ಕೈ ಹಾಗೇ ನಿಂತಿತು. “ಯಾಕೆ?”

“ಹೇಳಿದ್ರೆ ನೀನು ಕಟ್ಟೋದು ನಿಲ್ಲಿಸ್ಬಿಡ್ತಿದ್ದೆ. ಶನಿವಾರದ ಆ ಮೆಸೇಜಿಗೆ ನಾನು ವಾರವೆಲ್ಲ ಕಾಯ್ತಿದ್ದೆ. ನೀನಿಲ್ಲದೆ ನಂಗೆ ಆಗ್ತಿಲ್ಲ ಕಣೋ. ಅಷ್ಟೇ.”

ಅವನು ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟ. ತಲೆ ಬಗ್ಗಿಸಿ ನೆಲ ನೋಡಿದ. ಈ ಸಲ ನಗುವುದಕ್ಕಲ್ಲ.

“ಅಮ್ಮನ ಓಲೆ ಮಾರ್ಬಿಟ್ಟೆ ಹರ್ಷಿತ,” ಅಂದ.

“ಯಾವಾಗ?” ಅಂದೆ.

“ಮಣ್ಣು ಮಾಡಿದ ನಾಲ್ಕನೇ ದಿನ. ನಿಮ್ಮ ಕಾರ್ಡಿಗೆ ಬಡ್ಡಿ ಬಿದ್ಬಿಡುತ್ತೆ, ಮನೆ ಹಾಳಾಗುತ್ತೆ ಅಂತ ನೀವೇ ಹೇಳಿದ್ರಲ್ಲ. ಹತ್ತೊಂಬತ್ತು ಸಾವಿರ ಬಂತು. ಅವತ್ತೇ ಪೂರ್ತಿ ಕಟ್ಬೋದಿತ್ತು.”

“ಮತ್ತೆ ಯಾಕೆ...”

“ದುಡ್ಡು ಹಾಕೋಕ್ ಮುಂಚೆ ಫೋನಲ್ಲಿ ನಿಮ್ಮ ಹೆಸರು ಬರುತ್ತೆ. ಒಂದೇ ಸಲ ಕಟ್ಟಿದ್ರೆ ಒಂದೇ ಸಲ ಬರ್ತಿತ್ತು.” ಅವನ ದನಿ ಒಡೆಯಿತು. “ಆ ಓಲೆ ನಿಮಗೆ ಅಂತ ಅಮ್ಮ ತೆಗೆದಿಟ್ಟಿದ್ಲು. ‘ಆ ಮೆಡಿಕಲ್ ಹುಡುಗಿ ಕಿವಿಗೆ ಹಾಕಪ್ಪ’ ಅಂದಿದ್ಲು.”

ನಾನು ಎದೆ ಬಿರಿಯುವ ಹಾಗೆ ಅತ್ತೆ. ಮುತ್ತಮ್ಮನವರು ತಮ್ಮ ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು. ಹೋಗಿ ಓಲೆಯನ್ನು ವಾಪಸ್ ಕೊಂಡುಕೊಂಡು ಬರೋಣ, ದುಡ್ಡು ಕಾರ್ಡಿನಲ್ಲೇ ಇದೆ ಅಂದೆ. ಅವತ್ತೇ ಕರಗಿಸಿದರು, ಕಲ್ಲುಗಳನ್ನು ಮಾತ್ರ ಪೊಟ್ಟಣ ಕಟ್ಟಿ ಕೊಟ್ಟರು ಅಂದ. ನಾನು ಒಂದು ಮೆಸೇಜ್ ಕಳಿಸಿದ್ದರೆ ಆ ದುಡ್ಡು ಅವನ ಕೈಯಲ್ಲೇ ಉಳಿಯುತ್ತಿತ್ತು. ಎರಡು ದಿನ ಮೊದಲೇ ಬಾಕ್ಸು ಕಳಿಸಿ ಹೇಳಿದ್ದರೆ ಓಲೆಯೂ ಉಳಿಯುತ್ತಿತ್ತು.

“ನಿಮ್ಮ ಮೇಲೆ ಕೋಪ ಇಲ್ಲ,” ಅಂದ ಎದ್ದು. “ಆದ್ರೆ ನಿಮ್ಮ ಮುಖ ನೋಡಿದ್ರೆ ಆ ಹೋಟ್ಲು ನೆನಪಾಗುತ್ತೆ. ಆ ಕಾಫಿ. ಏನ್ ಮಾಡ್ಲಿ ಹೇಳಿ? ಹೋಗಿ. ಇನ್ನು ಬರಬೇಡಿ.”

ಬಸ್ಸಿನ ತನಕ ಬಂದ. ಹತ್ತಿಸಿ, ಬಸ್ಸು ತಿರುಗುವವರೆಗೂ ನಿಂತಿದ್ದ.

ಹದಿನಾರು ಸಾವಿರವನ್ನು ಅವನಿಗೆ ಹಿಂದಕ್ಕೆ ಕಳಿಸಿದೆ. ತೆಗೆದುಕೊಳ್ಳುವುದಿಲ್ಲ ಅಂತ ಮರುನಿಮಿಷವೇ ನನ್ನ ಅಕೌಂಟಿಗೆ ಹಾಕಿದ. ಆ ಸಂಜೆ ಕಾರ್ಡಿಗೆ ಯಾವ ಮೆಸೇಜೂ ಬರಲಿಲ್ಲ. ಎಂಟನೇ ಕಂತು ಬರುವುದಿಲ್ಲ ಅಂತ ಗೊತ್ತಿದ್ದೂ ಶಾಪು ಮುಚ್ಚುವವರೆಗೆ ಫೋನನ್ನೇ ನೋಡುತ್ತಿದ್ದೆ.

ಮುಂದಿನ ಶನಿವಾರ ಫೋನನ್ನು ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದೆ. ಆರು ಗಂಟೆಗೆ ಒಳಗೇ ಒಮ್ಮೆ ಗುಂಯ್ ಅಂತು. ರಾಮಾಂಜಿನಪ್ಪನವರು ನನ್ನ ಮುಖ ನೋಡಿ, “ತೆಗೆದು ನೋಡಮ್ಮ, ಯಾಕಿಂಗ್ ಒದ್ದಾಡ್ತೀಯ,” ಅಂದರು.

ನಿಮ್ಮ ಕಾರ್ಡಿಗೆ ರೂ. 1 ಜಮಾ ಆಗಿದೆ.

ನಾನು ಶಾಪಿನ ಬಿಳಿ ಕೋಟು ಬಿಚ್ಚಿ ರಾಮಾಂಜಿನಪ್ಪನವರ ಕೈಗೆ ಕೊಟ್ಟು, ರಾಜಘಟ್ಟದ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದೆ.